ಎರಡು ಸರ್ಕಾರಗಳ ನಡುವೆ ಒಬ್ಬ ಪ್ರಜೆ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಗೋಷ್ಠಿಗೆ ಅಮೆರಿಕದ ಒಕ್ಕೂಟ ವ್ಯವಸ್ಥೆ ಮತ್ತು ಸಂವಿಧಾನಬದ್ಧ ಆಡಳಿತ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ನಾನು ವಕೀಲನಲ್ಲ, ರಾಜ್ಯಶಾಸ್ತ್ರದ ಪ್ರಾಧ್ಯಾಪಕನೂ ಅಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿ, ಸರ್ಕಾರದ ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಆದರೆ ನೀರಾವರಿ ಇಲಾಖೆಯಲ್ಲಿ ಇದ್ದವರಿಗೆ ಕೇಂದ್ರ ಮತ್ತು ರಾಜ್ಯಗಳ ಸಂಬಂಧ ಕೇವಲ ಪುಸ್ತಕದ ವಿಷಯವಲ್ಲ. ನದಿಗೆ ರಾಜ್ಯದ ಗಡಿ ಗೊತ್ತಿಲ್ಲ, ಕಡತಕ್ಕೆ ಗೊತ್ತು. ಕೃಷ್ಣಾ ನ್ಯಾಯಮಂಡಳಿಯ ವರದಿಯನ್ನು ಕೆಲಸದ ಸಲುವಾಗಿ ಓದುವಾಗ ಅದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನದಿ ವ್ಯಾಜ್ಯಗಳ ಪ್ರಸ್ತಾಪ ಬರುತ್ತಿತ್ತು. ಅದರ ಜಾಡು ಹಿಡಿದು ಆ ದೇಶದ ಸಂವಿಧಾನದ ಕಥೆಯನ್ನು ಓದುತ್ತ ಹೋದೆ. ಓದಿದ್ದರಲ್ಲಿ ಸ್ವಲ್ಪವನ್ನು ತಮ್ಮ ಮುಂದೆ ಇಡುತ್ತೇನೆ.

ಇಲ್ಲಿ ಕುಳಿತವರಲ್ಲಿ ಎಷ್ಟೋ ಜನರ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ಟೆಕ್ಸಾಸಿನಲ್ಲಿರುವ ಮಗ ರಾಜ್ಯಕ್ಕೆ ಆದಾಯ ತೆರಿಗೆ ಕಟ್ಟುವುದಿಲ್ಲ, ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಕಟ್ಟುತ್ತಾಳೆ. ಟೆಕ್ಸಾಸಿನಲ್ಲಿ ಕೊಲೆಗೆ ಮರಣದಂಡನೆ ಇದೆ, ಮಿಷಿಗನ್ ರಾಜ್ಯ ಅದನ್ನು 1847ರಲ್ಲೇ ತೆಗೆದುಹಾಕಿತು. ಒಂದೇ ದೇಶದಲ್ಲಿ ಇದು ಹೇಗೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಉತ್ತರ ಚಿಕ್ಕದು. ಅಲ್ಲಿ ಪ್ರತಿಯೊಬ್ಬ ಪ್ರಜೆಯೂ ಏಕಕಾಲಕ್ಕೆ ಎರಡು ಸರ್ಕಾರಗಳ ಕೆಳಗೆ ಬದುಕುತ್ತಾನೆ, ಎರಡಕ್ಕೂ ಬೇರೆ ಬೇರೆ ಸಂವಿಧಾನವಿದೆ. ಆದರೆ ಆ ಚಿಕ್ಕ ಉತ್ತರದ ಹಿಂದೆ ದೊಡ್ಡ ಪ್ರಶ್ನೆಯೊಂದಿದೆ. ಅಧಿಕಾರವನ್ನು ಎರಡು ಕಡೆ ಹಂಚಿದರೆ ಸಾಕೇ? ಹಂಚಿದ ಮೇಲೆ, ಎರಡರಲ್ಲಿ ಒಂದು ಸರ್ಕಾರ ಬಡವನ ಮೇಲೆ ಕೈಮಾಡಿದರೆ ಅವನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಬರೆಯಲು ಅಮೆರಿಕನ್ನರಿಗೆ ಎಂಬತ್ತು ವರ್ಷ ಹಿಡಿಯಿತು. ಬರೆದದ್ದನ್ನು ಪಾಲಿಸಲು ಶುರುಮಾಡುವುದಕ್ಕೆ ಮತ್ತೆ ಎಂಬತ್ತಾರು ವರ್ಷ ಬೇಕಾಯಿತು. ಇಂದು ನಾನು ಹೇಳಬೇಕೆಂದಿರುವುದು ಅದನ್ನೇ.

ನದಿಯಿಂದ ಶುರುವಾದ ಕಥೆ

ಬ್ರಿಟಿಷರ ವಿರುದ್ಧ ಗೆದ್ದ ಹದಿಮೂರು ರಾಜ್ಯಗಳು ಮೊದಲು ಮಾಡಿಕೊಂಡದ್ದು ಒಂದು ಸಡಿಲ ಒಪ್ಪಂದ. ಅದು 1781ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಕೇಂದ್ರದ ಕಾಂಗ್ರೆಸ್ ಸಭೆಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಹಣ ಬೇಕಾದರೆ ರಾಜ್ಯಗಳನ್ನು ಕೇಳಬೇಕು, ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಒಪ್ಪಂದದ ಒಂದು ಸಾಲು ತಿದ್ದಬೇಕಾದರೂ ಹದಿಮೂರಕ್ಕೆ ಹದಿಮೂರು ರಾಜ್ಯಗಳೂ ಒಪ್ಪಬೇಕು. ಆಮದು ಸರಕಿನ ಮೇಲೆ ಶೇಕಡ 5ರಷ್ಟು ಸುಂಕ ಹಾಕೋಣ, ಯುದ್ಧದ ಸಾಲ ತೀರಿಸೋಣ ಎಂದು ಕಾಂಗ್ರೆಸ್ ಕೇಳಿತು. ಎಲ್ಲಕ್ಕಿಂತ ಚಿಕ್ಕ ರಾಜ್ಯ ರೋಡ್ ಐಲೆಂಡ್ ಒಲ್ಲೆ ಎಂದಿತು. ಅಲ್ಲಿಗೆ ಅದು ಮುಗಿಯಿತು.

ಈ ನಡುವೆ ಒಂದು ನದಿಯ ತಕರಾರು ಬಂತು. ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳ ನಡುವೆ ಪೊಟೋಮ್ಯಾಕ್ ನದಿ ಹರಿಯುತ್ತದೆ. ಹಳೆಯ ಸನದಿನ ಪ್ರಕಾರ ನದಿಯ ನೀರೆಲ್ಲ ವರ್ಜೀನಿಯಾದ ದಡದವರೆಗೂ ಮೇರಿಲ್ಯಾಂಡಿಗೆ ಸೇರಿದ್ದು. ಆದರೆ ಆ ನದಿ ಸೇರುವ ಕೊಲ್ಲಿಯ ಬಾಯಿ ವರ್ಜೀನಿಯಾದ ಕೈಯಲ್ಲಿತ್ತು. ಒಬ್ಬರ ಹತ್ತಿರ ನದಿ, ಇನ್ನೊಬ್ಬರ ಹತ್ತಿರ ಬಾಗಿಲು. ಹಡಗು ಓಡಬೇಕಾದರೆ ಇಬ್ಬರೂ ಕೂಡಬೇಕು. 1785ರಲ್ಲಿ ಎರಡೂ ರಾಜ್ಯಗಳ ಪ್ರತಿನಿಧಿಗಳು ಮೌಂಟ್ ವರ್ನನ್‌ನಲ್ಲಿ, ಜಾರ್ಜ್ ವಾಷಿಂಗ್ಟನ್ನರ ಮನೆಯಲ್ಲಿ ಸೇರಿ ಒಪ್ಪಂದಕ್ಕೆ ಬಂದರು. ವಾಷಿಂಗ್ಟನ್ನರು ಯುವಕರಾಗಿದ್ದಾಗ ಭೂಮಾಪನದ ಕೆಲಸ ಮಾಡಿದವರು ಎಂಬುದನ್ನು ನನ್ನಂಥವರು ಹೆಮ್ಮೆಯಿಂದ ನೆನೆಯುತ್ತೇವೆ.

ಎರಡು ರಾಜ್ಯ ಕೂತು ಮಾತಾಡಿದರೆ ಇಷ್ಟಾಗುತ್ತದೆ, ಎಲ್ಲರೂ ಕೂತರೆ ಏನಾಗಬಹುದು ಎಂಬ ಯೋಚನೆ ಹುಟ್ಟಿತು. 1786ರಲ್ಲಿ ಅನಾಪೊಲಿಸ್‌ನಲ್ಲಿ ವ್ಯಾಪಾರದ ವಿಚಾರವಾಗಿ ಸಭೆ ಕರೆದರು. ಬಂದದ್ದು ಐದೇ ರಾಜ್ಯ. ಆ ಐದು ರಾಜ್ಯದವರು ಮುಂದಿನ ವರ್ಷ ಇನ್ನೂ ದೊಡ್ಡ ಸಭೆ ಸೇರಲಿ ಎಂದು ಬರೆದು ಎದ್ದರು. ಅಷ್ಟರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಸಾಲ ಮತ್ತು ತೆರಿಗೆಯ ಭಾರ ತಾಳಲಾರದೆ ರೈತರು ಬಂಡೆದ್ದರು, ಜಪ್ತಿ ಹುಕುಂ ಕೊಡುವ ಕೋರ್ಟುಗಳ ಬಾಗಿಲು ಮುಚ್ಚಿಸಿದರು. ಕೇಂದ್ರದ ಹತ್ತಿರ ಸೈನ್ಯ ಕಳಿಸಲು ದುಡ್ಡಿರಲಿಲ್ಲ. ಉಳ್ಳವರು ಹೆದರಿದರು. 1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸಭೆ ಕೂಡಿತು. 55 ಜನ ಬಂದರು, ರೋಡ್ ಐಲೆಂಡ್ ಮಾತ್ರ ಯಾರನ್ನೂ ಕಳಿಸಲಿಲ್ಲ. ಸೆಪ್ಟೆಂಬರ್ 17ರಂದು 39 ಜನ ಸಹಿ ಹಾಕಿದರು. ಅದೇ ಇಂದಿಗೂ ಜಾರಿಯಲ್ಲಿರುವ ಸಂವಿಧಾನ. ಏಳು ವಿಧಿಗಳು, ಇದುವರೆಗೆ 27 ತಿದ್ದುಪಡಿಗಳು. 395 ವಿಧಿಗಳಿಂದ ಶುರುವಾದ ನಮ್ಮ ಸಂವಿಧಾನದ ಪಕ್ಕ ಇಟ್ಟರೆ ಅದೊಂದು ಕಿರುಹೊತ್ತಿಗೆ.

ಹಂಚಿಕೆಯ ಲೆಕ್ಕ

ಆ ಕಿರುಹೊತ್ತಿಗೆಯಲ್ಲಿ ಹೊಸದೇನಿತ್ತು? ಹಳೆಯ ಒಪ್ಪಂದದಲ್ಲಿ ಕೇಂದ್ರ ಮಾತಾಡುತ್ತಿದ್ದದ್ದು ರಾಜ್ಯಗಳ ಜೊತೆ. ಹೊಸ ಸಂವಿಧಾನದಲ್ಲಿ ಕೇಂದ್ರವೂ ನೇರವಾಗಿ ಪ್ರಜೆಯ ಜೊತೆ ವ್ಯವಹರಿಸುತ್ತದೆ. ತನ್ನ ತೆರಿಗೆಯನ್ನು ತಾನೇ ಹಾಕುತ್ತದೆ, ತನ್ನ ಕೋರ್ಟನ್ನು ತಾನೇ ನಡೆಸುತ್ತದೆ. ಆದರೆ ಅದು ಏನೇನು ಮಾಡಬಹುದು ಎಂಬುದನ್ನು ಪಟ್ಟಿ ಮಾಡಿ ಬರೆದರು. ಯುದ್ಧ, ನಾಣ್ಯ, ಅಂಚೆ, ವಿದೇಶ ವ್ಯವಹಾರ, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ, ಹೀಗೆ. ಪಟ್ಟಿಯಲ್ಲಿ ಇಲ್ಲದ್ದು, ರಾಜ್ಯಗಳಿಗೆ ನಿಷೇಧಿಸದೆ ಇದ್ದದ್ದು, ರಾಜ್ಯಗಳಿಗೆ ಅಥವಾ ಜನರಿಗೆ ಉಳಿಯುತ್ತದೆ ಎಂದು 1791ರಲ್ಲಿ ಹತ್ತನೇ ತಿದ್ದುಪಡಿ ಸ್ಪಷ್ಟ ಮಾಡಿತು. ಆದ್ದರಿಂದಲೇ ಪೊಲೀಸು, ಶಾಲೆ, ಮದುವೆ, ಜಮೀನು, ಹೆಚ್ಚಿನ ಅಪರಾಧ ಕಾನೂನು ಎಲ್ಲ ಅಲ್ಲಿ ರಾಜ್ಯದ ಕೈಯಲ್ಲಿದೆ. ನಮ್ಮಲ್ಲಿ ಇದು ತಿರುಗಾಮುರುಗಾ. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ನಮ್ಮಲ್ಲಿ ಕೇಂದ್ರಕ್ಕೆ ಹೋಗುತ್ತದೆ.

ಎರಡು ಸರ್ಕಾರಗಳ ಕಾನೂನು ಒಂದಕ್ಕೊಂದು ಡಿಕ್ಕಿ ಹೊಡೆದರೆ? ಸಂವಿಧಾನಕ್ಕೆ ಅನುಗುಣವಾಗಿ ಮಾಡಿದ ಕೇಂದ್ರದ ಕಾನೂನೇ ಮೇಲು ಎಂದು ಆರನೇ ವಿಧಿ ಹೇಳುತ್ತದೆ. ಮೇರಿಲ್ಯಾಂಡ್ ರಾಜ್ಯ ಕೇಂದ್ರದ ಬ್ಯಾಂಕಿನ ಶಾಖೆಯ ಮೇಲೆ ತೆರಿಗೆ ಹಾಕಿದಾಗ, 1819ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅದನ್ನು ತಳ್ಳಿಹಾಕಿದರು. ಇಡೀ ದೇಶದ ಜನ ಕಟ್ಟಿದ ಸಂಸ್ಥೆಯನ್ನು ಒಂದು ರಾಜ್ಯದ ಜನ ತೆರಿಗೆಯಿಂದ ಮುಗಿಸಲು ಬಿಡಲಾಗದು ಎಂಬುದು ಅವರ ತರ್ಕ.

ಚಿಕ್ಕ ರಾಜ್ಯಗಳ ಭಯಕ್ಕೂ ಒಂದು ಉಪಾಯ ಹುಡುಕಿದರು. ಕೆಳಮನೆಯಲ್ಲಿ ಜನಸಂಖ್ಯೆಯಂತೆ ಸ್ಥಾನ, ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ. 2020ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಾದ ಜನಸಂಖ್ಯೆ ಸುಮಾರು 3.95 ಕೋಟಿ, ವಯೋಮಿಂಗ್‌ನದು 6 ಲಕ್ಷಕ್ಕೂ ಕಡಿಮೆ. ಇಬ್ಬರಿಗೂ ಸೆನೆಟ್ಟಿನಲ್ಲಿ ಎರಡೆರಡೇ ಸ್ಥಾನ. ಇದು ನ್ಯಾಯವೇ ಎಂಬ ವಾದ ಅಲ್ಲಿ ಇವತ್ತಿಗೂ ಮುಗಿದಿಲ್ಲ.

ಒಳಗಿನ ಹಂಚಿಕೆ

ಮೇಲೆ ಕೆಳಗೆ ಹಂಚಿದ್ದು ಸಾಲದೆಂದು ಕೇಂದ್ರದ ಒಳಗೂ ಹಂಚಿದರು. ಶಾಸನ ಮಾಡುವವರು ಬೇರೆ, ನಡೆಸುವವರು ಬೇರೆ, ತೀರ್ಪು ಹೇಳುವವರು ಬೇರೆ. ಇದರ ಬೆಲೆ ಏನೆಂದು ತಿಳಿಯಲು ಒಂದು ಪ್ರಸಂಗ ಸಾಕು.

1952. ಕೊರಿಯಾ ಯುದ್ಧ ನಡೆಯುತ್ತಿದೆ. ಉಕ್ಕಿನ ಕಾರ್ಖಾನೆಗಳ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾಗಿದ್ದಾರೆ. ಉಕ್ಕು ನಿಂತರೆ ಮದ್ದುಗುಂಡು ನಿಲ್ಲುತ್ತದೆ ಎಂದು ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ಆದೇಶ ಹೊರಡಿಸಿದರು. ಮಾಲೀಕರು ಕೋರ್ಟಿಗೆ ಹೋದರು. ಜೂನ್ 2ರಂದು ಸುಪ್ರೀಂ ಕೋರ್ಟ್ ಆರು ಮತ್ತು ಮೂರರ ಬಹುಮತದಿಂದ, ಕಾಂಗ್ರೆಸ್ ಕಾನೂನು ಮಾಡದೆ ಅಧ್ಯಕ್ಷರಿಗೆ ಈ ಅಧಿಕಾರವಿಲ್ಲ ಎಂದು ಹೇಳಿತು. ಗಮನಿಸಬೇಕಾದ ಸಂಗತಿ ಏನೆಂದರೆ, ಆ ಒಂಬತ್ತು ನ್ಯಾಯಮೂರ್ತಿಗಳನ್ನೂ ನೇಮಿಸಿದವರು ರೂಸ್‌ವೆಲ್ಟ್ ಅಥವಾ ಟ್ರೂಮನ್, ಇಬ್ಬರೂ ಒಂದೇ ಪಕ್ಷದವರು. ಟ್ರೂಮನ್ ಅವರೇ ನೇಮಿಸಿದ ಇಬ್ಬರು ಅವರ ವಿರುದ್ಧ ತೀರ್ಪು ಕೊಟ್ಟರು. ಅಧ್ಯಕ್ಷರು ಕಾರ್ಖಾನೆಗಳನ್ನು ಹಿಂದಿರುಗಿಸಿದರು. ಯುದ್ಧದ ಮಧ್ಯೆ, ಸೇನೆಯ ಮಹಾದಂಡನಾಯಕ ಒಂದು ಕಾಗದದ ಮಾತು ಕೇಳಿದ. ಸಂವಿಧಾನಬದ್ಧ ಆಡಳಿತ ಎಂದರೆ ಇದು.

ತೀರ್ಪಿನ ಪರ ಇದ್ದ ಆ ಆರು ಮಂದಿಯಲ್ಲಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಂಬುವರೊಬ್ಬರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೂಳು ತುಂಬಿದ ಧಕ್ಕೆ

ಇಲ್ಲಿಯವರೆಗೆ ಹೇಳಿದ್ದು ಸಾಮಾನ್ಯವಾಗಿ ಎಲ್ಲ ಪಠ್ಯಪುಸ್ತಕಗಳಲ್ಲೂ ಇರುತ್ತದೆ. ಪಠ್ಯಪುಸ್ತಕ ಬೇಗ ದಾಟಿಹೋಗುವ ಒಂದು ವ್ಯಾಜ್ಯವನ್ನು ಈಗ ಹೇಳುತ್ತೇನೆ. ಇದು ನಮ್ಮ ಇಲಾಖೆಯ ಕಡತದಂತೆಯೇ ಇದೆ.

ಬಾಲ್ಟಿಮೋರ್ ನಗರದಲ್ಲಿ ಜಾನ್ ಬ್ಯಾರನ್ ಎಂಬುವರಿಗೆ ಹಡಗು ನಿಲ್ಲುವ ಒಂದು ಧಕ್ಕೆಯಲ್ಲಿ ಪಾಲಿತ್ತು. ನೀರು ಆಳವಾಗಿದ್ದುದರಿಂದ ಒಳ್ಳೆಯ ವ್ಯಾಪಾರ. ನಗರದವರು ರಸ್ತೆ ಕಾಮಗಾರಿಗಾಗಿ ಹಳ್ಳಗಳ ದಿಕ್ಕು ತಿರುಗಿಸಿದರು. ಮಳೆ ಬಂದಾಗಲೆಲ್ಲ ಮಣ್ಣು ಮರಳು ಬಂದು ಧಕ್ಕೆಯ ಬುಡದಲ್ಲಿ ಕೂತಿತು. ಹೂಳು ತುಂಬಿ ಆಳ ಹೋಯಿತು, ಹಡಗು ಬರುವುದು ನಿಂತಿತು. ಸಾರ್ವಜನಿಕ ಕೆಲಸಕ್ಕೆ ಖಾಸಗಿ ಆಸ್ತಿ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕೆಂದು ಸಂವಿಧಾನದ ಐದನೇ ತಿದ್ದುಪಡಿ ಹೇಳುತ್ತದೆ. ಕೆಳಗಿನ ಕೋರ್ಟು 4,500 ಡಾಲರ್ ಕೊಡಿಸಿತು, ರಾಜ್ಯದ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಬ್ಯಾರನ್ ಸುಪ್ರೀಂ ಕೋರ್ಟಿಗೆ ಹೋದರು.

1833ರಲ್ಲಿ ಅದೇ ಮಾರ್ಷಲ್ ತೀರ್ಪು ಕೊಟ್ಟರು. ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳಲ್ಲಿರುವ ಹಕ್ಕುಗಳು ಕೇಂದ್ರ ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತವೆ. ರಾಜ್ಯವಾಗಲಿ ನಗರಸಭೆಯಾಗಲಿ ಅನ್ಯಾಯ ಮಾಡಿದರೆ ಆ ತಿದ್ದುಪಡಿಗಳ ಆಸರೆ ಇಲ್ಲ ಎಂಬುದು ಅದರ ಸಾರ. ಬ್ಯಾರನ್ ಬರಿಗೈಲಿ ಮನೆಗೆ ಹೋದರು.

ಇದರ ಅರ್ಥವೇನು ನೋಡಿ. ವಾಕ್ ಸ್ವಾತಂತ್ರ್ಯ, ಧಾರ್ಮಿಕ ಸ್ವಾತಂತ್ರ್ಯ, ನ್ಯಾಯವಾದ ವಿಚಾರಣೆ, ಪರಿಹಾರ, ಇವೆಲ್ಲ ದೂರದ ವಾಷಿಂಗ್ಟನ್ ಸರ್ಕಾರದ ವಿರುದ್ಧ ಮಾತ್ರ. ದಿನಬೆಳಗಾದರೆ ಮನೆ ಬಾಗಿಲಿಗೆ ಬರುವ ರಾಜ್ಯದ ಪೊಲೀಸು, ರಾಜ್ಯದ ಕೋರ್ಟು, ನಗರಸಭೆಯ ನೌಕರ, ಇವರ ವಿರುದ್ಧ ಅಲ್ಲ. ರಾಜ್ಯದ ಸ್ವಂತ ಸಂವಿಧಾನ ರಕ್ಷಿಸಿದರೆ ರಕ್ಷಿಸಿತು. ಹತ್ತಿರದ ಸರ್ಕಾರ ನಮ್ಮ ಸರ್ಕಾರ, ಅದು ನಮಗೆ ಕೇಡು ಮಾಡುವುದಿಲ್ಲ ಎಂಬ ನಂಬಿಕೆ ಇದರ ತಳದಲ್ಲಿತ್ತು. ಧಕ್ಕೆ ಕಳೆದುಕೊಂಡವನಿಗೆ ಇದು ಆಸ್ತಿಯ ಪ್ರಶ್ನೆ. ಆದರೆ ಅದೇ ದೇಶದಲ್ಲಿ, ರಾಜ್ಯದ ಕಾನೂನಿನ ಪ್ರಕಾರ ತಾವೇ ಇನ್ನೊಬ್ಬರ ಆಸ್ತಿಯಾಗಿದ್ದ ಲಕ್ಷಾಂತರ ಮನುಷ್ಯರಿದ್ದರು.

ರಾಜ್ಯಗಳ ಹಕ್ಕು ಎಂಬ ಮಾತು

ಗುಲಾಮಗಿರಿಯನ್ನು ಕಾಪಾಡಿದ್ದು ರಾಜ್ಯದ ಕಾನೂನು. ದಕ್ಷಿಣದ ರಾಜ್ಯಗಳು ಇದು ನಮ್ಮ ಮನೆಯ ವಿಷಯ, ಕೇಂದ್ರ ತಲೆ ಹಾಕಬಾರದು ಎನ್ನುತ್ತಿದ್ದವು. ಫಿಲಡೆಲ್ಫಿಯಾದಲ್ಲೇ ಒಂದು ಕೆಟ್ಟ ಲೆಕ್ಕಕ್ಕೆ ಎಲ್ಲರೂ ಒಪ್ಪಿದ್ದರು. ಕೆಳಮನೆಯ ಸ್ಥಾನ ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವುದು. ಅವರಿಗೆ ಮತವಿಲ್ಲ, ಅವರ ತಲೆ ಎಣಿಸಿ ಬಂದ ಸ್ಥಾನ ಮಾಲೀಕರಿಗೆ.

ಆದರೆ ರಾಜ್ಯಗಳ ಹಕ್ಕು ಎಂಬ ವಾದ ಎಷ್ಟು ಪ್ರಾಮಾಣಿಕವಾಗಿತ್ತು? 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದು ಹಿಂದಿರುಗಿಸುವ ಕಠಿಣ ಕೇಂದ್ರ ಕಾನೂನು ಬಂತು. ಉತ್ತರದ ರಾಜ್ಯಗಳು ನಮ್ಮ ನೆಲದಲ್ಲಿ ಇದು ನಡೆಯದು ಎಂದು ತಮ್ಮ ಕಾನೂನು ಮಾಡಿಕೊಂಡವು. ಹಾಗೆ ಓಡಿಬಂದ ಒಬ್ಬನನ್ನು ಬಿಡಿಸಿದವರ ಪರವಾಗಿ ವಿಸ್ಕಾನ್ಸಿನ್ ರಾಜ್ಯದ ಕೋರ್ಟು ನಿಂತಿತು. 1859ರಲ್ಲಿ ಸುಪ್ರೀಂ ಕೋರ್ಟ್ ವಿಸ್ಕಾನ್ಸಿನ್ನಿಗೆ ಆ ಅಧಿಕಾರವಿಲ್ಲ ಎಂದಿತು. ಆಗ ದಕ್ಷಿಣದ ರಾಜ್ಯಗಳು ರಾಜ್ಯದ ಹಕ್ಕಿನ ಪರ ಮಾತಾಡಲಿಲ್ಲ. ಕೇಂದ್ರದ ಬಲವೇ ಅವರಿಗೆ ಬೇಕಾಗಿತ್ತು. ಅಂದರೆ ಬಂಧುಗಳೇ, ಯಾವ ಸರ್ಕಾರ ಮೇಲು ಎಂಬುದು ಅವರಿಗೆ ತತ್ತ್ವವಾಗಿರಲಿಲ್ಲ. ಗುಲಾಮ ಕೈತಪ್ಪಬಾರದು ಎಂಬುದಷ್ಟೇ ತತ್ತ್ವ. ಇನ್ನು ಮುಂದೆ ಯಾರಾದರೂ ಕೇಂದ್ರದ ಹಕ್ಕು, ರಾಜ್ಯದ ಹಕ್ಕು ಎಂದು ಗಟ್ಟಿಯಾಗಿ ಕೂಗಿದರೆ, ಯಾರ ಮೇಲೆ ಯಾವುದನ್ನು ಮಾಡುವ ಹಕ್ಕು ಎಂದು ಮೊದಲು ಕೇಳಬೇಕು.

1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಆಫ್ರಿಕಾ ಮೂಲದವರು ಅಮೆರಿಕದ ಪ್ರಜೆಗಳೇ ಅಲ್ಲ ಎಂದಿತು. ಕೋರ್ಟು ಇದ್ದ ಮಾತ್ರಕ್ಕೆ ನ್ಯಾಯ ಸಿಗುತ್ತದೆ ಎನ್ನಲಾಗದು. ನಾಲ್ಕು ವರ್ಷಗಳಲ್ಲಿ ಅಂತರ್ಯುದ್ಧ ಶುರುವಾಯಿತು. 1861ರಿಂದ 1865ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ 1865ರಲ್ಲಿ ಹದಿಮೂರನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. 1868ರಲ್ಲಿ ಬಂದ ಹದಿನಾಲ್ಕನೇ ತಿದ್ದುಪಡಿ ಅಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು ಎಂದಿತು. ಯಾವ ರಾಜ್ಯವೂ ನ್ಯಾಯಸಮ್ಮತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು, ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು ಎಂದು ಬರೆಯಿತು. ಯಾವ ರಾಜ್ಯವೂ ಎಂಬ ಆ ಪದವೇ ಬ್ಯಾರನ್ನನ ಧಕ್ಕೆಯ ಕಾಲದಲ್ಲಿ ಇಲ್ಲದೇ ಹೋಗಿದ್ದು. 1787ರಿಂದ 1868, ಎಂಬತ್ತೊಂದು ವರ್ಷ.

ಬರೆದದ್ದು ನಡೆಯಲು ಹಿಡಿದ ಕಾಲ

ಬರೆದ ಕೂಡಲೆ ನಡೆಯಿತೇ? ಎರಡು ವ್ಯಾಜ್ಯಗಳನ್ನು ಅಕ್ಕಪಕ್ಕ ಇಡುತ್ತೇನೆ, ಎರಡೂ ರೈಲಿಗೆ ಸಂಬಂಧಿಸಿದವು. 1896ರಲ್ಲಿ ಲೂಸಿಯಾನಾ ರಾಜ್ಯದ ಹೋಮರ್ ಪ್ಲೆಸ್ಸಿ ಬಿಳಿಯರ ರೈಲು ಡಬ್ಬಿಯಲ್ಲಿ ಕೂತದ್ದಕ್ಕೆ ಬಂಧಿತನಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದ. ಬಣ್ಣದ ಪ್ರಕಾರ ಬೇರೆ ಬೇರೆ ಡಬ್ಬಿ ಇಟ್ಟರೆ ಸಮಾನತೆಗೆ ಭಂಗವಿಲ್ಲ ಎಂದಿತು ಕೋರ್ಟು. ನ್ಯಾಯಮೂರ್ತಿ ಹಾರ್ಲನ್ ಒಬ್ಬರೇ ಒಪ್ಪಲಿಲ್ಲ. ಮರುವರ್ಷ 1897ರಲ್ಲಿ, ಹಳಿಯ ಅಡ್ಡಲಾಗಿ ರಸ್ತೆ ತೆಗೆದ ಷಿಕಾಗೋ ನಗರದ ವಿರುದ್ಧ ಒಂದು ರೈಲು ಕಂಪನಿ ಬಂತು. ಈಗ ಕೋರ್ಟು, ಹದಿನಾಲ್ಕನೇ ತಿದ್ದುಪಡಿಯ ಪ್ರಕಾರ ರಾಜ್ಯವೂ ನ್ಯಾಯವಾದ ಪರಿಹಾರ ಕೊಡಲೇಬೇಕು ಎಂದಿತು. ತೀರ್ಪು ಬರೆದವರು ಅದೇ ಹಾರ್ಲನ್. ಕಂಪನಿಗೆ ಜ್ಯೂರಿ ಕೊಡಿಸಿದ್ದ ಪರಿಹಾರ ಒಂದೇ ಡಾಲರ್, ಅದನ್ನೇ ಕೋರ್ಟು ಎತ್ತಿಹಿಡಿಯಿತು ಎಂಬುದು ಬೇರೆ ಮಾತು. ಆದರೂ ತತ್ತ್ವ ನಿಂತಿತು. ಬ್ಯಾರನ್ ಸೋತದ್ದನ್ನು ಅರವತ್ನಾಲ್ಕು ವರ್ಷದ ಮೇಲೆ ರೈಲು ಕಂಪನಿ ಗೆದ್ದಿತು. ಅದೇ ತಿದ್ದುಪಡಿ ಆಸ್ತಿಗೆ ಮೊದಲು ಆಸರೆಯಾಯಿತು. ಯಾರಿಗಾಗಿ ಅದನ್ನು ಬರೆದಿದ್ದರೋ ಆ ಮನುಷ್ಯರು ಇನ್ನೂ ಕಾಯಬೇಕಾಯಿತು.

1954ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ, ಮಕ್ಕಳನ್ನು ಬಣ್ಣದ ಮೇಲೆ ಬೇರೆ ಶಾಲೆಗೆ ಕಳಿಸುವುದು ಸಮಾನತೆಗೆ ವಿರುದ್ಧ ಎಂದು ಹೇಳಿತು. 1957ರ ಸೆಪ್ಟೆಂಬರಿನಲ್ಲಿ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಬೇಕಿತ್ತು. ರಾಜ್ಯಪಾಲ ಫಾಬಸ್ ರಾಜ್ಯದ ರಕ್ಷಣಾ ಪಡೆಯನ್ನು ಶಾಲೆಯ ಬಾಗಿಲಿಗೆ ಕಳಿಸಿ ಮಕ್ಕಳನ್ನು ತಡೆಸಿದರು. ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಆಯ್ಕೆಯಾದವರು, ನಮ್ಮ ಮುಖ್ಯಮಂತ್ರಿಯ ಹಾಗೆ. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯದ 101ನೇ ವಾಯುದಳ ವಿಭಾಗದ ತುಕಡಿಗಳನ್ನು ಕಳಿಸಿದರು. ರಾಜ್ಯದ ಪಡೆಯನ್ನೂ ಕೇಂದ್ರದ ಆಜ್ಞೆಗೆ ಒಳಪಡಿಸಿದರು. ಮಕ್ಕಳನ್ನು ತಡೆಯಲು ನಿಯೋಜಿತವಾಗಿದ್ದ ಪಡೆಗೇ ಈಗ ಅವರನ್ನು ಕಾಯುವ ಆಜ್ಞೆಯಾಯಿತು. ಶಾಲೆಗೆ ಹೋಗುವ ಒಂಬತ್ತು ಮಕ್ಕಳಿಗೆ ಒಂದು ಸರ್ಕಾರ ಬಾಗಿಲು ಮುಚ್ಚಿದಾಗ ತೆರೆಸಲು ಇನ್ನೊಂದು ಸರ್ಕಾರ ಇತ್ತು. ಎರಡು ಸರ್ಕಾರ ಇರುವುದರ ನಿಜವಾದ ಉಪಯೋಗ ನನಗೆ ಕಂಡದ್ದು ಇಲ್ಲಿ.

ಇದರ ಅರ್ಥ ಯಾವಾಗಲೂ ಕೇಂದ್ರವೇ ಒಳ್ಳೆಯದು ಎಂದಲ್ಲ. ಓಡಿಬಂದ ಗುಲಾಮನ ವಿಷಯದಲ್ಲಿ ವಿಸ್ಕಾನ್ಸಿನ್ ಸರಿಯಿತ್ತು, ಕೇಂದ್ರ ತಪ್ಪಿತ್ತು. ಹೆಂಗಸರಿಗೆ ಮತದ ಹಕ್ಕು ಕೊಡುವುದರಲ್ಲೂ ಹಾಗೆಯೇ. ವಯೋಮಿಂಗ್ 1869ರಲ್ಲಿ, ಇನ್ನೂ ಪೂರ್ಣ ರಾಜ್ಯವಾಗುವ ಮೊದಲೇ, ಕೊಟ್ಟಿತು. ಇಡೀ ದೇಶ ಅದನ್ನು ಸಂವಿಧಾನಕ್ಕೆ ಸೇರಿಸಿದ್ದು 1920ರಲ್ಲಿ. ನಿರುದ್ಯೋಗ ವಿಮೆಯ ಕಾನೂನನ್ನು ವಿಸ್ಕಾನ್ಸಿನ್ 1932ರಲ್ಲಿ ಮಾಡಿತು, ಕೇಂದ್ರ 1935ರಲ್ಲಿ ಆ ದಾರಿ ಹಿಡಿಯಿತು. ಒಂದು ಕಡೆ ಕತ್ತಲಾದಾಗ ಇನ್ನೊಂದು ಕಡೆ ದೀಪ ಇರುವ ಸಾಧ್ಯತೆ, ಅಷ್ಟೇ ಇದರ ಭರವಸೆ.

ಕೊಲರಾಡೊ ನೀರಿನ ಪಾಠ

ಇಂಜಿನಿಯರನ ಬಾಯಿಂದ ನೀರಿನ ಮಾತು ಬಾರದೆ ಹೋದರೆ ತಾವು ಒಪ್ಪಲಾರಿರಿ. ಅಲ್ಲಿ ಎರಡು ರಾಜ್ಯಗಳಿಗೆ ಜಗಳವಾದರೆ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬಹುದು. ಅಥವಾ ತಾವೇ ಒಪ್ಪಂದ ಮಾಡಿಕೊಂಡು ಕಾಂಗ್ರೆಸ್ಸಿನ ಸಮ್ಮತಿ ಪಡೆಯಬಹುದು. 1922ರಲ್ಲಿ ಕೊಲರಾಡೊ ನದಿಯ ಏಳು ರಾಜ್ಯಗಳು ಕೂತು ಮೇಲಿನ ಕಣಿವೆಗೆ 75 ಲಕ್ಷ ಎಕರೆ-ಅಡಿ, ಕೆಳಗಿನ ಕಣಿವೆಗೆ ಅಷ್ಟೇ ನೀರೆಂದು ಹಂಚಿದವು. ನಮ್ಮ ಲೆಕ್ಕದಲ್ಲಿ ತಲಾ ಸುಮಾರು 327 ಟಿಎಂಸಿ. ಅವರು ಹಿಡಿದ ಅಂದಾಜು ಹೆಚ್ಚು ಮಳೆಯಾದ ವರ್ಷಗಳದ್ದು. ನದಿಯಲ್ಲಿ ಅಷ್ಟು ನೀರು ಸದಾ ಇಲ್ಲ. ಫಲವಾಗಿ 2021ರಲ್ಲಿ ಕೆಳಗಿನ ಕಣಿವೆಗೆ ಮೊದಲ ಬಾರಿಗೆ ಅಧಿಕೃತವಾಗಿ ಕೊರತೆ ಘೋಷಿಸಬೇಕಾಯಿತು.

ಏಳರಲ್ಲಿ ಅರಿಜೋನಾ ಮಾತ್ರ 1944ರವರೆಗೆ ಆ ಒಪ್ಪಂದವನ್ನು ಅನುಮೋದಿಸಲಿಲ್ಲ. 1934ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ನೀರು ಒಯ್ಯುವ ಪಾರ್ಕರ್ ಅಣೆಕಟ್ಟನ್ನು ತಡೆಯಲು ಅರಿಜೋನಾದ ರಾಜ್ಯಪಾಲರು ರಾಜ್ಯದ ಪಡೆಯನ್ನೇ ದಡಕ್ಕೆ ಕಳಿಸಿದರು. ಕೇಂದ್ರ ಕೋರ್ಟಿಗೆ ಹೋಯಿತು. 1935ರಲ್ಲಿ ಕೋರ್ಟು ಹೇಳಿದ್ದು ಸೋಜಿಗ. ಈ ಅಣೆಕಟ್ಟಿಗೆ ಕಾಂಗ್ರೆಸ್ಸಿನ ಅನುಮತಿಯೇ ಇಲ್ಲ, ಆದ್ದರಿಂದ ಕೇಂದ್ರದ ಅರ್ಜಿ ನಿಲ್ಲುವುದಿಲ್ಲ! ಕಾಂಗ್ರೆಸ್ ಕಾನೂನು ಮಾಡಿತು, ಆಮೇಲೆ ಕೆಲಸ ಮುಂದುವರಿಯಿತು. ನಂತರ 1952ರಲ್ಲಿ ಅರಿಜೋನಾ ಹೂಡಿದ ದಾವೆ 1963ರಲ್ಲಿ ಇತ್ಯರ್ಥವಾಗಿ, ಕೆಳಕಣಿವೆಯ ನೀರಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ 44 ಲಕ್ಷ, ಅರಿಜೋನಾಕ್ಕೆ 28 ಲಕ್ಷ, ನೆವಾಡಾಕ್ಕೆ 3 ಲಕ್ಷ ಎಕರೆ-ಅಡಿ ಎಂದಾಯಿತು. ನ್ಯಾಯಮಂಡಳಿ ತಡ ಎಂದು ಗೊಣಗುವ ನಮಗೆ ಇದು ಸ್ವಲ್ಪ ಸಮಾಧಾನ.

ಆದರೆ 1922ರ ಆ ಸಭೆಯಲ್ಲಿ ಯಾರು ಇರಲಿಲ್ಲ ಎಂಬುದನ್ನೂ ಹೇಳಬೇಕು. ಆ ನದಿಯ ದಡದಲ್ಲಿ ಎಲ್ಲರಿಗಿಂತ ಮೊದಲು ಬದುಕಿದ್ದ ಮೂಲನಿವಾಸಿ ಬುಡಕಟ್ಟುಗಳನ್ನು ಯಾರೂ ಕರೆದಿರಲಿಲ್ಲ. ಅವರ ಜಮೀನಿನ ಜೊತೆ ನೀರಿನ ಹಕ್ಕೂ ಇದೆ ಎಂದು ಸುಪ್ರೀಂ ಕೋರ್ಟು 1908ರಲ್ಲೇ ಬೇರೊಂದು ನದಿಯ ವ್ಯಾಜ್ಯದಲ್ಲಿ ಹೇಳಿತ್ತು. ಆದರೂ ಸರ್ಕಾರಗಳು ತಮ್ಮತಮ್ಮಲ್ಲೇ ಹಂಚಿಕೊಂಡವು. ಸರ್ಕಾರ ಸರ್ಕಾರಗಳು ರಾಜಿಯಾದರೆ ಸಾಲದು, ಕರೆಯದೆ ಬಿಟ್ಟವರು ಯಾರು ಎಂದೂ ನೋಡಬೇಕು.

ನಮಗೆ ಬಂದ ದಾರಿ

ಈಗ ಫ್ರಾಂಕ್‌ಫರ್ಟರ್ ಅವರ ಹೆಸರಿಗೆ ಬರುತ್ತೇನೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗರಾವ್. ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳನ್ನು ಕಂಡರು. ನ್ಯಾಯಸಮ್ಮತ ಕ್ರಮ ಎಂಬ ಹದಿನಾಲ್ಕನೇ ತಿದ್ದುಪಡಿಯ ಮಾತನ್ನು ನೀವು ಹಾಗೆಯೇ ತೆಗೆದುಕೊಳ್ಳಬೇಡಿ, ಶಾಸನಸಭೆಯ ಮೇಲೆ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಬರುತ್ತದೆ ಎಂಬ ಅರ್ಥದ ಸಲಹೆ ಕೊಟ್ಟವರು ಫ್ರಾಂಕ್‌ಫರ್ಟರ್. ಹಾಗಾಗಿ ನಮ್ಮ 21ನೇ ವಿಧಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಮಾತು ಬಂತು. ಆ ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ನಮ್ಮ ಸುಪ್ರೀಂ ಕೋರ್ಟು ಮನೇಕಾ ಗಾಂಧಿ ವ್ಯಾಜ್ಯದಲ್ಲಿ ಹೇಳುವಾಗ 1978 ಆಗಿತ್ತು.

ಇನ್ನೊಂದು ವಿಷಯದಲ್ಲಿ ನಮ್ಮವರು ಅಮೆರಿಕದ ಅನುಭವದಿಂದ ಮೊದಲೇ ಪಾಠ ಕಲಿತರು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು ಅಮೆರಿಕದ ವ್ಯವಸ್ಥೆಯನ್ನು ನಮ್ಮದರ ಜೊತೆ ಹೋಲಿಸಿದರು. ಅಲ್ಲಿ ಎರಡು ಪೌರತ್ವ, ನಮ್ಮಲ್ಲಿ ಒಂದೇ ಎಂದು ತೋರಿಸಿದರು. ನಮ್ಮ ಮೂಲಭೂತ ಹಕ್ಕುಗಳು ಮೊದಲ ದಿನದಿಂದಲೇ ಕೇಂದ್ರವನ್ನೂ ರಾಜ್ಯವನ್ನೂ ಪಂಚಾಯಿತಿ, ನಗರಸಭೆಯನ್ನೂ ಕಟ್ಟಿಹಾಕುತ್ತವೆ. ಬ್ಯಾರನ್ನನಿಗೆ ಬಂದ ಉತ್ತರವನ್ನು ನಮ್ಮ ದೇಶದಲ್ಲಿ ಯಾವ ಕೋರ್ಟೂ ಕೊಡಲಾರದು. ಅಮೆರಿಕ ಆರು ಲಕ್ಷ ಹೆಣ ಎಣಿಸಿ ಬರೆದ ಕಾನೂನಿನ ಸಮಾನ ರಕ್ಷಣೆ ಎಂಬ ಮಾತು ನಮ್ಮ 14ನೇ ವಿಧಿಯಲ್ಲಿ ಶುರುವಿನಿಂದಲೇ ಇದೆ. ಇದು ನಮಗೆ ಸಿಕ್ಕ ದೊಡ್ಡ ಲಾಭ. ಆದರೆ ಬರೆದದ್ದಕ್ಕೂ ನಡೆಯುವುದಕ್ಕೂ ನಡುವೆ ಎಷ್ಟು ಕಾಲ ಹೋಗಬಹುದು ಎಂಬುದನ್ನು ಪ್ಲೆಸ್ಸಿಯ ರೈಲು ಡಬ್ಬಿ ತೋರಿಸಿದೆ. ಕುಡಿಯುವ ನೀರಿನ ಬಾವಿಯಿಂದ ಹಿಡಿದು ಶಾಲೆಯ ಬಿಸಿಯೂಟದವರೆಗೆ ಆ ಅಂತರ ನಮ್ಮಲ್ಲಿ ಮುಗಿದಿದೆ ಎಂದು ಎದೆ ಮುಟ್ಟಿ ಹೇಳುವವರು ಯಾರಿದ್ದಾರೆ?

ಮಾತು ಮುಗಿಸುತ್ತೇನೆ. ಅಣೆಕಟ್ಟು ಕಟ್ಟುವಾಗ ನಾವು ಸರಾಸರಿ ಮಳೆ ನೋಡಿ ಕೋಡಿ ಕಟ್ಟುವುದಿಲ್ಲ. ಬರಬಹುದಾದ ಅತಿ ದೊಡ್ಡ ಪ್ರವಾಹ ಎಷ್ಟು ಎಂದು ಲೆಕ್ಕ ಹಾಕಿ ಕಟ್ಟುತ್ತೇವೆ. ಸಂವಿಧಾನವನ್ನೂ ಹಾಗೆಯೇ ನೋಡಬೇಕು. ಒಳ್ಳೆಯವರು ಅಧಿಕಾರದಲ್ಲಿರುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಟ್ಟವರು ಬಂದಾಗ, ಅದರಲ್ಲೂ ಬಹುಮತದ ಬಲದಿಂದ ಬಂದಾಗ, ಎಲ್ಲರಿಗಿಂತ ಕೊನೆಯಲ್ಲಿ ನಿಂತವನಿಗೆ ಹೋಗಲು ಇನ್ನೊಂದು ಬಾಗಿಲು ಉಳಿದಿದೆಯೇ ಎಂಬುದೇ ಪರೀಕ್ಷೆ. ಇಲ್ಲಿರುವ ಯುವಕರು ಸಂವಿಧಾನವನ್ನು ಪರೀಕ್ಷೆಗೆಂದು ಓದಿ ಬಿಡದೆ, ನಮ್ಮ ಊರಿನಲ್ಲಿ ಆ ಬಾಗಿಲು ಎಲ್ಲಿದೆ, ತೆರೆದಿದೆಯೇ ಎಂದು ಹುಡುಕುವ ಕಣ್ಣಿನಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.